ಯೇಸುವಿನ ವಿಷಯ ಬೇರೆಯವರಿಗೆ ಹೇಳುವುದು ಹೇಗೆ? ಬೆಂಗಳೂರಿನ ವಿಶ್ವಾಸಿಗಳಿಗೆ ಒಂದು ಮಾರ್ಗದರ್ಶಿ

"ಆಫೀಸಿನಲ್ಲಿ ಜೊತೆಗೆ ಊಟ ಮಾಡುವವರಿಗೆ ಯೇಸುವಿನ ಬಗ್ಗೆ ಹೇಳಬಹುದಾ? ಕೇಸು ಗೀಸು ಆಗುತ್ತಾ?" "ಪಕ್ಕದ ಮನೆ ಆಂಟಿ ನೀವು ಪ್ರಾರ್ಥನೆ ಹೇಗೆ ಮಾಡ್ತೀರಿ ಅಂತ ಕೇಳಿದರು, ಏನಂತ ಶುರು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವುದು ಇವೇ ಪ್ರಶ್ನೆಗಳು. ಕೇಳುವವರಲ್ಲಿ ಆಸೆಯೂ ಇದೆ, ಹೆದರಿಕೆಯೂ ಇದೆ. ಎರಡಕ್ಕೂ ಕಾರಣ ಇದೆ.

ಈ ಲೇಖನ ಪಾಸ್ಟರುಗಳಿಗೆ, ಫಾದರುಗಳಿಗೆ ಬರೆದದ್ದಲ್ಲ. ಭಾನುವಾರ ಆರಾಧನೆಗೆ ಹೋಗಿ, ಸೋಮವಾರ ಬಸ್ಸು ಹಿಡಿದು ಕೆಲಸಕ್ಕೆ ಹೋಗುವ ನಿಮಗಾಗಿ. ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು: ನಿಮಗೆ ಆದದ್ದನ್ನು ನಿಜವಾಗಿ ಹೇಳಿ, ಕೇಳಿದವರನ್ನು ಅವರ ಪಾಡಿಗೆ ಯೋಚಿಸಲು ಬಿಡಿ. ಮನಸ್ಸು ತಿರುಗಿಸುವುದು ದೇವರ ಕೆಲಸ. ಅದನ್ನು ನಮ್ಮ ಕೈಗೆ ತೆಗೆದುಕೊಂಡಾಗಲೇ ಹೆಚ್ಚಿನ ಎಡವಟ್ಟುಗಳು ಆಗುವುದು.

ಮೊದಲು ಏನೇನು ಬೇಕು?

ಜಾಸ್ತಿ ಏನೂ ಬೇಡ. ಓದಿ ಅರ್ಥವಾಗುವ ಕನ್ನಡದಲ್ಲಿ ಒಂದು ಬೈಬಲ್ ಇರಲಿ. ಹಳೆಯ ಸತ್ಯವೇದದ ಕನ್ನಡ ನಮಗೆ ಬಾಯಿಪಾಠವಾಗಿದೆ, ಆದರೆ ಹೊಸಬರಿಗೆ ಎರಡನೇ ಸಾಲಿಗೇ ಕಷ್ಟವಾಗುತ್ತದೆ. ಸರಳ ಕನ್ನಡದ ಅನುವಾದಗಳೂ ಸಿಗುತ್ತವೆ. ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಲ್ಲಿ ವಿಚಾರಿಸಿ. ಯೂವರ್ಷನ್ ಬೈಬಲ್ ಆ್ಯಪ್‌ನಲ್ಲಿ ಕನ್ನಡ ಬೈಬಲ್ ಉಚಿತ.

ಇನ್ನೊಂದು, ನೀವು ಸೇರಿರುವ ಸಭೆ, ಅಂದರೆ ನಿಮ್ಮ ಚರ್ಚಿನ ಬಳಗ. ಒಬ್ಬರೇ ಓಡಾಡಿ ಹೇಳುವುದಕ್ಕಿಂತ, ನಿಮ್ಮನ್ನು ಬಲ್ಲ ಹಿರಿಯರೊಬ್ಬರಿಗೆ ತಿಳಿಸಿಟ್ಟು ಹೇಳುವುದು ಒಳ್ಳೆಯದು. ನೀವು ದಾರಿ ತಪ್ಪಿದರೆ ತಿದ್ದಲು ಒಬ್ಬರಾದರೂ ಇರಬೇಕಲ್ವಾ?

ಹಂತ 1: ಕಾನೂನು ಏನು ಹೇಳುತ್ತದೆ, ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೆದರಿಕೆ ಅರ್ಧ ಕಮ್ಮಿ ಆಗುವುದು ಇಲ್ಲೇ.

ಸಂವಿಧಾನದ 25ನೇ ವಿಧಿ ಎಲ್ಲರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಆಗಬಾರದು ಅಷ್ಟೆ. ಆದರೆ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ನಿಮ್ಮ ನಂಬಿಕೆಯನ್ನು ವಿವರಿಸಿ ಹೇಳುವುದು ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು.

ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಜನ ಇದನ್ನೇ ಮತಾಂತರ ನಿಷೇಧ ಕಾಯ್ದೆ ಅನ್ನುವುದು. ಬಲವಂತ, ವಂಚನೆ, ಆಮಿಷ, ಅನುಚಿತ ಪ್ರಭಾವ, ಮದುವೆಯ ಭರವಸೆ, ಇವುಗಳಿಂದ ಮತಾಂತರ ಮಾಡಿದರೆ ಅದು ಅಪರಾಧ. ಶಿಕ್ಷೆ 3ರಿಂದ 5 ವರ್ಷ ಜೈಲು. ಮತಾಂತರವಾದವರು ಹೆಣ್ಣುಮಕ್ಕಳು, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 10 ವರ್ಷದವರೆಗೆ ಹೋಗಬಹುದು. ಜಾಮೀನುರಹಿತ ಅಪರಾಧ ಇದು. ದೂರನ್ನು ಮನೆಯವರು, ಸಂಬಂಧಿಕರು ಮಾತ್ರವಲ್ಲ, ಸಹೋದ್ಯೋಗಿಯೂ ಕೊಡಬಹುದು. ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವ ಹೊರೆ ಆರೋಪ ಹೊತ್ತವರ ಮೇಲೆಯೇ ಬೀಳುತ್ತದೆ.

2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. "ಅಯ್ಯೋ ಅದು ಹೋಯ್ತಲ್ಲ" ಅಂತ ಹಲವರು ಅಂದುಕೊಂಡಿರುವುದು ಇದರಿಂದ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ, ಶಾಸನಸಭೆ ರದ್ದು ಮಾಡಬೇಕು. ಹಾಗಾಗಿ ನಿಮ್ಮ ಚರ್ಚಿನ ಮಟ್ಟದಲ್ಲಿ ಏನಾದರೂ ಮಾಡುವ ಮೊದಲು ಒಬ್ಬ ವಕೀಲರನ್ನು ಕೇಳಿ.

ಎಚ್ಚರ ಬೇಕಾದ ಪದ 'ಆಮಿಷ'. ದುಡ್ಡು ಮಾತ್ರ ಆಮಿಷ ಅಂದುಕೊಳ್ಳಬೇಡಿ. ಉಡುಗೊರೆ, ಕೆಲಸ ಕೊಡಿಸುವ ಮಾತು, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು, ಚೆನ್ನಾದ ಬದುಕಿನ ಭರವಸೆ, "ನಂಬದಿದ್ದರೆ ದೇವರು ಕೋಪ ಮಾಡ್ಕೊಳ್ತಾನೆ" ಅಂತ ಹೆದರಿಸುವುದು, ಇನ್ನೊಂದು ಧರ್ಮವನ್ನು ಹೀಗಳೆಯುವುದು, ಎಲ್ಲವೂ ಇದರೊಳಗೆ ಬರುತ್ತವೆ.

ಕಾನೂನು ಇರಲಿ ಬಿಡಲಿ, ಇವ್ಯಾವುದನ್ನೂ ನಾವು ಮಾಡಬಾರದು. ರೇಷನ್ ಕಿಟ್ ಕೊಡುವಾಗ ಅದರೊಳಗೆ ಕರಪತ್ರ ಇಡಬೇಡಿ. ಹಸಿದವರಿಗೆ ಊಟ ಕೊಡುವುದು ಅವರು ಹಸಿದಿದ್ದಾರೆ ಅಂತ. ಅದಕ್ಕೆ ಇನ್ನೊಂದು ಕಾರಣ ಬೇಕಾಗಿಲ್ಲ.

ಹಂತ 2: ಯಾರಿಗೆ ಹೇಳಬಾರದು, ಅದನ್ನು ಮೊದಲೇ ತೀರ್ಮಾನಿಸಿ

ವಿಚಿತ್ರ ಅನಿಸಬಹುದು, ಆದರೆ ಇದು ಬಹಳ ಮುಖ್ಯ. ನಿಮ್ಮ ಕೈಕೆಳಗೆ ಇರುವವರಿಗೆ ನೀವಾಗಿ ವಿಷಯ ತೆಗೆಯಬೇಡಿ. ನೀವು ಟೀಮ್ ಲೀಡ್ ಆಗಿದ್ದರೆ ನಿಮ್ಮ ಟೀಮಿನ ಹುಡುಗರು. ಮನೆಗೆ ಕೆಲಸಕ್ಕೆ ಬರುವ ಅಕ್ಕ. ನಿಮ್ಮ ಪಿಜಿಯಲ್ಲಿ ಇರುವ ಹುಡುಗಿಯರು, ನಿಮ್ಮ ಮನೆಯ ಬಾಡಿಗೆದಾರರು. ಸಂಬಳ, ಸೂರು ನಿಮ್ಮ ಕೈಯಲ್ಲಿ ಇರುವಾಗ ಅವರು "ಹೌದಕ್ಕ, ಹೌದಣ್ಣ" ಅಂದೇ ಅನ್ನುತ್ತಾರೆ. ಅದು ಒಪ್ಪಿಗೆಯಲ್ಲ. ಅವರಾಗಿ ಕೇಳಿದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಆಮೇಲೂ ಆಸಕ್ತಿ ಇದ್ದರೆ, ಅವರ ಮೇಲೆ ಯಾವ ಹಿಡಿತವೂ ಇಲ್ಲದ ಇನ್ನೊಬ್ಬ ವಿಶ್ವಾಸಿಯ ಪರಿಚಯ ಮಾಡಿಸಿ.

ಮಕ್ಕಳ ವಿಷಯವೂ ಹೀಗೇ. ಬೇಸಿಗೆ ರಜೆಯಲ್ಲಿ ಸಭೆಗಳು ವಿಬಿಎಸ್, ಅಂದರೆ ರಜಾಕಾಲದ ಬೈಬಲ್ ಶಾಲೆ ನಡೆಸುತ್ತವೆ. ಹಾಡು, ಕಥೆ, ಬಿಸ್ಕತ್ತು ಅಂತ ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಅಪ್ಪ ಅಮ್ಮನಿಗೆ ಅಲ್ಲಿ ಏನು ಕಲಿಸುತ್ತೇವೆ ಅಂತ ಸ್ಪಷ್ಟವಾಗಿ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. "ಡ್ರಾಯಿಂಗ್ ಕ್ಲಾಸ್" ಅಂತ ಹೇಳಿ ಕರೆಸಿ ಬೈಬಲ್ ಕಥೆ ಹೇಳುವುದು ಮೋಸ.

ಹಂತ 3: ನಿಮ್ಮ ಸಾಕ್ಷಿಯನ್ನು ಬರೆದುಕೊಳ್ಳಿ

ಸಾಕ್ಷಿ ಅಂದರೆ ದೇವರು ನಿಮ್ಮ ಬಾಳಿನಲ್ಲಿ ಏನು ಮಾಡಿದ್ದಾನೆ ಅಂತ ನೀವೇ ಹೇಳುವ ಮಾತು. ಯೋಹಾನನ ಸುವಾರ್ತೆ 9ನೇ ಅಧ್ಯಾಯದ ಹುಟ್ಟುಕುರುಡನನ್ನು ನೆನಪಿಸಿಕೊಳ್ಳಿ. ದೊಡ್ಡ ದೊಡ್ಡವರು ಅವನನ್ನು ಕೂರಿಸಿ ಪ್ರಶ್ನೆ ಹಾಕುತ್ತಾರೆ. ಅವನಿಗೆ ಶಾಸ್ತ್ರ ಗೊತ್ತಿಲ್ಲ. ಮೊದಲು ಕಣ್ಣು ಕಾಣುತ್ತಿರಲಿಲ್ಲ, ಈಗ ಕಾಣುತ್ತಿದೆ, ನನಗೆ ಗೊತ್ತಿರುವುದು ಇಷ್ಟೇ ಅನ್ನುತ್ತಾನೆ. ಆ ಮಾತಿಗೆ ಅವರ ಬಳಿ ಉತ್ತರವೇ ಇಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಮೊದಲು ಹೇಗಿದ್ದಿರಿ, ಯೇಸುವನ್ನು ಎಲ್ಲಿ ಕಂಡಿರಿ, ಈಗ ಏನು ಬದಲಾಗಿದೆ, ಏನು ಇನ್ನೂ ಬದಲಾಗಿಲ್ಲ. ಮೂರು ನಿಮಿಷದಲ್ಲಿ ಹೇಳಿ ಮುಗಿಸುವಷ್ಟು ಬರೆಯಿರಿ. ಸಾಮಾನ್ಯವಾಗಿ ನಾವು ಬರೆಯುವುದು ಹೀಗೆ:

"ನಾನು ಪಾಪದ ಕತ್ತಲಲ್ಲಿದ್ದೆ. ಕರ್ತನು ನನ್ನನ್ನು ತನ್ನ ರಕ್ತದಿಂದ ತೊಳೆದು, ಅಭಿಷೇಕಿಸಿ, ನೂತನ ಸೃಷ್ಟಿಯನ್ನಾಗಿ ಮಾಡಿದನು. ಹಲ್ಲೆಲೂಯ."

ಸಭೆಯಲ್ಲಿ ಎಲ್ಲರೂ ಆಮೆನ್ ಅನ್ನುತ್ತಾರೆ. ಕ್ಯಾಂಟೀನಿನಲ್ಲಿ ಎದುರು ಕೂತವರಿಗೆ ಒಂದಕ್ಷರವೂ ತಲೆಗೆ ಹೋಗುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ:

"ಅಪ್ಪ ತೀರಿಕೊಂಡ ಮೇಲೆ ನನಗೂ ಅಣ್ಣನಿಗೂ ಮಾತು ನಿಂತುಹೋಗಿತ್ತು. ಸೈಟಿನ ವಿಷಯ. ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದಿನ ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಅಣ್ಣತಮ್ಮಂದಿರ ಕಥೆ ಓದಿದೆ. ತಮ್ಮ ಮನೆಗೆ ವಾಪಸ್ ಬಂದಿದ್ದಾನೆ, ಒಳಗೆ ಊಟ ನಡೀತಿದೆ, ದೊಡ್ಡವನು ಮಾತ್ರ ಸಿಟ್ಟಲ್ಲಿ ಹೊರಗೇ ನಿಂತಿದ್ದಾನೆ. ಅಪ್ಪನೇ ಎದ್ದು ಬಂದು ಅವನನ್ನೂ ಒಳಗೆ ಕರೀತಾನೆ. ಅದು ನಾನೇ ಅನಿಸ್ತು. ದೇವರು ನನ್ನನ್ನೂ ಹಾಗೇ ಕರೀತಿದ್ದಾನೆ ಅಂತ ನಂಬಿದೆ. ಆ ವಾರ ಅಣ್ಣನಿಗೆ ಫೋನ್ ಮಾಡಿದೆ. ಸೈಟು ಇನ್ನೂ ಇತ್ಯರ್ಥ ಆಗಿಲ್ಲ. ಆದರೆ ಕ್ರಿಸ್‌ಮಸ್‌ಗೆ ಅವರು ನಮ್ಮ ಮನೆಗೆ ಬರ್ತಾರೆ."

ಎರಡರಲ್ಲೂ ಇರುವುದು ಒಂದೇ ನಂಬಿಕೆ. ಎರಡನೆಯದರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. "ಸೈಟು ಇನ್ನೂ ಇತ್ಯರ್ಥ ಆಗಿಲ್ಲ" ಅನ್ನುವ ಸಾಲನ್ನು ದಯವಿಟ್ಟು ತೆಗೆದು ಹಾಕಬೇಡಿ. ಯೇಸುವನ್ನು ನಂಬಿದರೆ ಸಾಲ ತೀರುತ್ತೆ, ಪ್ರಮೋಷನ್ ಸಿಗುತ್ತೆ ಅನ್ನುವ ಸಾಕ್ಷಿಗಳು ಕೇಳಲು ಚೆನ್ನಾಗಿರುತ್ತವೆ. ಅವನ್ನು ನಂಬಿ ಬಂದವರು ಸಾಲ ತೀರದಿದ್ದಾಗ ದೇವರನ್ನೇ ಬಿಟ್ಟು ಹೋಗುತ್ತಾರೆ.

ಸಭೆಯ ಮಾತುಗಳನ್ನು ಬಳಸಲೇಬೇಕಾದರೆ ಜೊತೆಗೇ ಬಿಡಿಸಿ ಹೇಳಿ. ಸುವಾರ್ತೆ (ಕಥೋಲಿಕರು ಶುಭಸಂದೇಶ ಅನ್ನುತ್ತಾರೆ) ಅಂದರೆ ಯೇಸುವಿನ ಬಗೆಗಿನ ಒಳ್ಳೆಯ ಸುದ್ದಿ. ರಕ್ಷಣೆ ಅಂದರೆ ಪಾಪದಿಂದ, ಸಾವಿನಿಂದ ದೇವರು ಬಿಡಿಸುವುದು. ಕೃಪೆ ಅಂದರೆ ಯೋಗ್ಯತೆ ಇಲ್ಲದಿದ್ದರೂ ದೇವರು ತೋರಿಸುವ ಪ್ರೀತಿ. ಪುನರುತ್ಥಾನ ಅಂದರೆ ಸತ್ತು ಮತ್ತೆ ಎದ್ದು ಬರುವುದು.

ಹಂತ 4: ಕೇಳಿಸಿಕೊಳ್ಳಿ, ಆಮೇಲೆ ಒಪ್ಪಿಗೆ ಕೇಳಿ ಹೇಳಿ

ಬೆಂಗಳೂರಿನವರಿಗೆ ಯೇಸು ಹೊಸಬನಲ್ಲ. ಗುರುವಾರ ವಿವೇಕನಗರದ ಬಾಲ ಯೇಸು ದೇವಾಲಯಕ್ಕೆ ಹೋಗಿ ನೋಡಿ, ಮೊಂಬತ್ತಿ ಹಿಡಿದು ನಿಂತವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಹಬ್ಬಕ್ಕೆ ಹರಕೆ ಹೊತ್ತು ಬರುವವರೂ ಹಾಗೆಯೇ. ಹಾಗಾಗಿ ನಿಮ್ಮ ಗೆಳೆಯರಿಗೆ ಆಗಲೇ ಏನು ಗೊತ್ತಿದೆ, ಏನು ಅನಿಸಿದೆ ಅಂತ ಮೊದಲು ಕೇಳಿ. ಪಾಠ ಒಪ್ಪಿಸುವ ಆತುರದಲ್ಲಿ ಇದನ್ನು ಮರೆಯುತ್ತೇವೆ. ಅವರ ಅಜ್ಜಿಯ ಹರಕೆಯ ಕಥೆ, ಅವರು ಓದಿದ ಕಾನ್ವೆಂಟಿನ ಸಿಸ್ಟರ್ ಕಥೆ, ಮನಸ್ಸಿಗೆ ನೋವಾದ ಕಥೆ ಇದ್ದರೆ ಅದೂ, ಎಲ್ಲ ಹೊರಗೆ ಬರಲಿ.

ನಂತರ ಒಂದು ಪ್ರಶ್ನೆ: "ನನ್ನ ನಂಬಿಕೆ ಬಗ್ಗೆ ಹೇಳಲಾ? ಬೇಡ ಅಂದ್ರೂ ಪರವಾಗಿಲ್ಲ." ಹೂಂ ಅಂದರೆ ಮುಂದುವರಿಸಿ. ಮುಖ ಗಂಟಿಕ್ಕಿದರೆ, ಫೋನ್ ನೋಡಲು ಶುರು ಮಾಡಿದರೆ, ವಿಷಯ ಬದಲಿಸಿ. ಪೇತ್ರನು ಬರೆದ ಮೊದಲನೆಯ ಪತ್ರ 3:15 ಹೇಳುವುದೂ ಇದನ್ನೇ: ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಆದರೆ ಮೃದುವಾಗಿ, ಮರ್ಯಾದೆಯಿಂದ.

ಜಾಗದ ಬಗ್ಗೆ: ಆಫೀಸಿನಲ್ಲಿ ಕೆಲಸದ ಹೊತ್ತಿನಲ್ಲಿ ಬೇಡ, ಊಟದ ಹೊತ್ತು ಅಥವಾ ಸಂಜೆಯ ವಾಕಿಂಗ್ ಒಳ್ಳೆಯದು. ಆಫೀಸಿನ ಮೇಲ್, ಟೀಮಿನ ವಾಟ್ಸಾಪ್ ಗ್ರೂಪ್ ಮುಟ್ಟಬೇಡಿ. ಅಪಾರ್ಟ್‌ಮೆಂಟ್ ಗ್ರೂಪಿಗೆ ದಿನಾ ಬೆಳಗ್ಗೆ ವಚನ ಹಾಕಿದರೆ ಜನ ಗ್ರೂಪ್ ಮ್ಯೂಟ್ ಮಾಡುತ್ತಾರೆ ಅಷ್ಟೆ. ಮೆಟ್ರೋದಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ ಎದ್ದು ಹೋಗಲಾಗದವರ ಮುಂದೆ ನಿಂತು ಬೋಧಿಸುವುದು ನನಗೆ ಸರಿ ಕಾಣುವುದಿಲ್ಲ. ಆಸ್ಪತ್ರೆಯ ಹಾಸಿಗೆ ಪಕ್ಕ ಕರಪತ್ರ ಇಟ್ಟು ಬರುವುದಂತೂ ಬೇಡವೇ ಬೇಡ.

ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟುಕೊಂಡರೆ ಮೈಕ್ ಬೇಡ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ ಇದೆ. ಅಷ್ಟು ಹೊತ್ತಾಗದಿದ್ದರೂ ಪಕ್ಕದ ಮನೆಯಲ್ಲಿ ಎಸೆಸೆಲ್ಸಿ ಓದುವ ಮಗು ಇರಬಹುದು. ಗೋಡೆಗೆ ಗೋಡೆ ತಾಗಿರುವ ನಮ್ಮ ಬೀದಿಗಳಲ್ಲಿ ಗಲಾಟೆ ಶುರುವಾಗುವುದು ಎಷ್ಟೋ ಸಲ ಸದ್ದು, ಪಾರ್ಕಿಂಗ್ ಕಾರಣಕ್ಕೆ. ಆಮೇಲೆ ಅದಕ್ಕೆ ಧರ್ಮದ ಬಣ್ಣ ಬರುತ್ತದೆ.

ಹಂತ 5: ಒಟ್ಟಿಗೆ ಓದಿ

ಆಸಕ್ತಿ ತೋರಿಸಿದವರಿಗೆ ಉಪನ್ಯಾಸ ಕೊಡುವುದಕ್ಕಿಂತ ಲೂಕನ ಸುವಾರ್ತೆ ಒಟ್ಟಿಗೆ ಓದಿ. 24 ಅಧ್ಯಾಯ ಇದೆ, ಎಲ್ಲ ಒಂದೇ ಸಲಕ್ಕೆ ಬೇಡ. 5:17-26ರಲ್ಲಿ ಮಾಳಿಗೆ ತೆಗೆದು ಇಳಿಸಿದ ಲಕ್ವದ ರೋಗಿ, 7:36-50ರಲ್ಲಿ ಯೇಸುವಿನ ಪಾದದ ಬಳಿ ಅತ್ತ ಹೆಂಗಸು, 15ನೇ ಅಧ್ಯಾಯ ಪೂರ್ತಿ, 19:1-10ರಲ್ಲಿ ಸುಂಕದವನಾದ ಜಕ್ಕಾಯ, ಕೊನೆಗೆ 23 ಮತ್ತು 24. ಪ್ರತಿ ಸಲ ಮೂರೇ ಪ್ರಶ್ನೆ ಕೇಳಿ: ಇಲ್ಲಿ ಏನಾಯಿತು? ಯೇಸು ಎಂಥವನು ಅನಿಸುತ್ತೆ? ಇದರಲ್ಲಿ ನಿಮಗೆ ಒಪ್ಪಿಗೆಯಾಗದ್ದು ಏನು? ಮೂರನೆಯದನ್ನು ಬಿಡಬೇಡಿ. ಅಲ್ಲೇ ನಿಜವಾದ ಮಾತುಕತೆ ಶುರುವಾಗುವುದು.

"ಒಟ್ಟಾರೆ ನೀವು ನಂಬುವುದೇನು?" ಅಂತ ಅವರು ಕೇಳುವ ದಿನ ಬಂದಾಗ ಚಿಕ್ಕದಾಗಿ ಹೇಳಿ. ದೇವರು ನಮ್ಮನ್ನು ಪ್ರೀತಿಯಿಂದ ಸೃಷ್ಟಿಸಿದ. ನಾವು ಆತನಿಂದ ದೂರ ಹೋದೆವು. ಯೇಸು ನಮ್ಮ ಪಾಪಕ್ಕಾಗಿ ಶಿಲುಬೆಯ ಮೇಲೆ ಸತ್ತ, ಮೂರನೇ ದಿನ ಎದ್ದು ಬಂದ. ಆತನನ್ನು ನಂಬಿ ತಿರುಗಿ ಬರುವವರನ್ನು ದೇವರು ಕ್ಷಮಿಸಿ ತನ್ನ ಮಕ್ಕಳಾಗಿ ಸೇರಿಸಿಕೊಳ್ಳುತ್ತಾನೆ. ನನ್ನ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಲೋಕದಲ್ಲಿ ಇಲ್ಲ. ಇದನ್ನು ಹೇಳುವಾಗ ದನಿ ಏರಿಸುವ ಅಗತ್ಯ ಇಲ್ಲ.

ಹಂತ 6: ಗಟ್ಟಿ ಪ್ರಶ್ನೆಗಳಿಗೆ ತಯಾರಾಗಿ

"ಇದು ಬ್ರಿಟಿಷರು ತಂದ ಧರ್ಮ ಅಲ್ವಾ?" ಯೇಸು ಹುಟ್ಟಿದ್ದು ಏಷ್ಯಾದಲ್ಲಿ, ಯೆಹೂದ್ಯನಾಗಿ. ಬ್ರಿಟಿಷರು ಬರುವ ನೂರಾರು ವರ್ಷ ಮೊದಲೇ ಕೇರಳದಲ್ಲಿ ಕ್ರೈಸ್ತರಿದ್ದರು. ಕ್ರಿ.ಶ. 52ರಲ್ಲಿ ಶಿಷ್ಯ ತೋಮ ಬಂದ ಅನ್ನುವುದು ಅವರ ಪರಂಪರೆ. ಕನ್ನಡ ನಾಡಿಗೆ ಬಂದ ಮಿಷನರಿಗಳೂ ಎಲ್ಲರೂ ಬ್ರಿಟಿಷರಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರು ಮಾಡಿದ ಮೊಗ್ಲಿಂಗ್, 1894ರಲ್ಲಿ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್, ಇಬ್ಬರೂ ಜರ್ಮನರು. ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ, ನೋಡಿರುತ್ತೀರಿ. ಆದರೆ ಬ್ರಿಟಿಷ್ ಆಡಳಿತ ಮಿಷನರಿಗಳಿಗೆ ಅನುಕೂಲವಾಗಿತ್ತು ಅನ್ನುವುದೂ ನಿಜ. ಅದನ್ನು ಮುಚ್ಚಿಡಬೇಡಿ.

"ನಿಮ್ಮಲ್ಲಿ ಜಾತಿ ಇಲ್ವಾ?" ಇರಬಾರದು, ಇದೆ. ಮದುವೆ ಮಾತುಕತೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹಾಗೇ ಒಪ್ಪಿಕೊಳ್ಳಿ. ಸುಳ್ಳು ಹೇಳಿ ಕರೆತಂದವರು ಒಳಗೆ ಬಂದು ಅದನ್ನೇ ಕಂಡಾಗ ಆಗುವ ನೋವು ದೊಡ್ಡದು.

"ಎಲ್ಲ ದೇವರೂ ಒಂದೇ ಅಲ್ವಾ?" ಇದನ್ನು ವಾದಕ್ಕೆ ಎಳೆಯಬೇಡಿ. ಹೀಗೆ ಕೇಳುವವರು ಎಷ್ಟೋ ಸಲ ನಿಮ್ಮನ್ನು ತಮ್ಮವರಂತೆ ಕಂಡು ಪ್ರೀತಿಯಿಂದ ಕೇಳಿರುತ್ತಾರೆ. "ನಾನು ಯೇಸುವಿನಲ್ಲೇ ದೇವರನ್ನು ಕಂಡೆ, ಆತ ಯಾಕೆ ಬೇರೆ ಅನ್ನೋದನ್ನು ಬೇಕಾದರೆ ಓದಿ ತೋರಿಸ್ತೀನಿ" ಅಂದರೆ ಸಾಕು. ಇನ್ನೊಬ್ಬರ ದೇವರು, ಪೂಜೆಯ ಬಗ್ಗೆ ಹಗುರವಾದ ಒಂದು ಮಾತೂ ಬಾಯಿಂದ ಬರಬಾರದು. ಅಥೇನೆ (ಅಥೆನ್ಸ್) ಪಟ್ಟಣದ ತುಂಬ ವಿಗ್ರಹಗಳನ್ನು ಕಂಡು ಅಪೊಸ್ತಲ ಪೌಲನ ಮನಸ್ಸು ಕುದಿಯಿತು. ಆದರೂ ಮಾತಾಡಲು ನಿಂತಾಗ ಅಲ್ಲಿನವರ ದೈವಭಕ್ತಿಯಿಂದಲೇ ಶುರು ಮಾಡಿದ, ಅವರ ಕವಿಗಳ ಮಾತನ್ನೇ ಎತ್ತಿಕೊಂಡ. ಅಪೊಸ್ತಲರ ಕೃತ್ಯಗಳು 17 ತೆಗೆದು ಓದಿ.

ಪ್ರಸಾದದ ಪ್ರಶ್ನೆಯೂ ಬರುತ್ತದೆ. ಇದರಲ್ಲಿ ಸಭೆಯಿಂದ ಸಭೆಗೆ ಅಭಿಪ್ರಾಯ ಬೇರೆ. ನೀವು ತಿನ್ನದಿದ್ದರೆ ನಗುಮುಖದಿಂದ, "ಪೂಜೆಗೆ ಇಟ್ಟದ್ದು ನಾನು ತಿನ್ನಲ್ಲ ಆಂಟಿ, ಬೇಜಾರು ಮಾಡ್ಕೋಬೇಡಿ, ಕಾಫಿ ಕೊಡಿ" ಅನ್ನಿ. ತೆಗೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕುವುದು ಮಾತ್ರ ಬೇಡ. ಸಂಕ್ರಾಂತಿಯ ಎಳ್ಳುಬೆಲ್ಲ ಬಂದರೆ ತಟ್ಟೆಯನ್ನು ಖಾಲಿ ವಾಪಸ್ ಕಳಿಸಬೇಡಿ. ಕ್ರಿಸ್‌ಮಸ್‌ಗೆ ಕೇಕು, ಕಜ್ಜಾಯ ನೀವೇ ಕೊಂಡುಹೋಗಿ ಕೊಡಿ, ಡಬ್ಬದೊಳಗೆ ಕರಪತ್ರ ಇಲ್ಲದೆ.

ಹಂತ 7: ಕಾಯಿಲೆ, ಕಷ್ಟ ಇದ್ದಾಗ

ಕಷ್ಟದಲ್ಲಿ ಇರುವವರು "ನಮಗೋಸ್ಕರ ಪ್ರಾರ್ಥನೆ ಮಾಡಿ" ಅನ್ನುತ್ತಾರೆ. ಸಂತೋಷದಿಂದ ಮಾಡಿ. ಅಲ್ಲೇ ಮಾಡಲಾ, ಮನೆಯಲ್ಲಿ ಮಾಡಲಾ ಅಂತ ಕೇಳಿ. ಎರಡು ನಿಮಿಷ, ಮೆಲ್ಲಗಿನ ದನಿ, ಕೇಳದೆ ತಲೆ ಮೇಲೆ ಕೈ ಇಡುವುದು ಬೇಡ.

ಒಂದು ವಿಷಯ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮಾತ್ರೆ ನಿಲ್ಲಿಸಿ, ನಂಬಿಕೆ ಇಡಿ ಅಂತ ಯಾರಿಗೂ ಹೇಳಬೇಡಿ. ಶುಗರ್, ಬಿಪಿ, ಫಿಟ್ಸ್, ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಪ್ರಾಣಕ್ಕೇ ಕುತ್ತು. ಖಿನ್ನತೆಯಲ್ಲಿ ಇರುವವರಿಗೆ "ದೆವ್ವ ಹಿಡಿದಿದೆ" ಅನ್ನಬೇಡಿ. ನಿಮ್ಹಾನ್ಸ್‌ನಂಥ ಆಸ್ಪತ್ರೆ ಇರುವ ಊರು ನಮ್ಮದು. ಜೊತೆಗೆ ಹೋಗಿ ಓಪಿಡಿ ಸಾಲಿನಲ್ಲಿ ಕೂತುಕೊಳ್ಳಿ. ಪ್ರಾರ್ಥನೆಯನ್ನು ಅಲ್ಲೂ ಮಾಡಬಹುದು.

ಹಂತ 8: ಚರ್ಚಿಗೆ ಕರೆಯುವಾಗ

ಅವರಿಗೆ ಆಸಕ್ತಿ ಇದ್ದರೆ "ಬಂದು ನೋಡಿ" ಅನ್ನಿ. ಅವರ ಭಾಷೆಯ ಆರಾಧನೆಗೇ ಕರೆದುಕೊಂಡು ಹೋಗಿ. ಕನ್ನಡದವರಾದರೆ ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚಿನಂಥ ಹಳೆಯ ಕನ್ನಡ ಸಭೆಗಳಿವೆ, ಕಥೋಲಿಕ ಚರ್ಚುಗಳಲ್ಲಿ ಕನ್ನಡ ಪೂಜೆ ಇರುತ್ತದೆ. ಸಮಯ ಮೊದಲೇ ವಿಚಾರಿಸಿಕೊಳ್ಳಿ.

ಹೋಗುವ ಮೊದಲು ಮೂರು ಮಾತು ತಿಳಿಸಿ. ಕಾಣಿಕೆ ಚೀಲ ಬಂದಾಗ ಏನೂ ಹಾಕಬೇಕಿಲ್ಲ. ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನ (ಕಥೋಲಿಕರಲ್ಲಿ ಪರಮಪ್ರಸಾದ) ಸಭೆಗೆ ಸೇರಿದವರಿಗೆ ಮಾತ್ರ, ಆಗ ಕೂತೇ ಇರಬಹುದು. ಮಧ್ಯೆ ಎದ್ದು ಹೋಗಬೇಕು ಅನಿಸಿದರೂ ತಪ್ಪಿಲ್ಲ. ಹೊಸಬರನ್ನು ಎದ್ದು ನಿಲ್ಲಿಸಿ ಪರಿಚಯ ಮಾಡಿಸಬೇಡಿ ಅಂತ ನಿಮ್ಮ ಅಯ್ಯನವರಿಗೂ (ಸಭಾಪಾಲಕರಿಗೂ) ಮೊದಲೇ ಹೇಳಿಡಿ.

ಹಂತ 9: ಬೇಡ ಅಂದರೆ, ಬೇಕು ಅಂದರೆ

ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಗೆಳೆತನ ಮೊದಲಿನಂತೆಯೇ ಇರಬೇಕು. ಮಾರನೇ ದಿನ ಊಟಕ್ಕೆ ಅವರನ್ನು ಕರೆಯಿರಿ.

ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರುವ ನೀರಿನ ಸಂಸ್ಕಾರ) ಬೇಕು ಅಂದರೆ ನೀವು ಮುಂದಾಳತ್ವ ವಹಿಸಬೇಡಿ, ಸಭಾಪಾಲಕರ ಬಳಿ ಕರೆದುಕೊಂಡು ಹೋಗಿ. ಆತುರ ಬೇಡ. ಸಭೆಗಳಲ್ಲಿ ಇದಕ್ಕೆ ತರಗತಿಗಳಿವೆ. ಕಥೋಲಿಕರಲ್ಲಿ ದೊಡ್ಡವರು ತಿಂಗಳುಗಟ್ಟಲೆ ಕಲಿತು, ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ ದೀಕ್ಷಾಸ್ನಾನ ಪಡೆಯುತ್ತಾರೆ.

2022ರ ಕಾಯ್ದೆಯ ಪ್ರಕಾರ ಮತಾಂತರವಾಗುವವರು 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಮೂನೆ 1ರಲ್ಲಿ, ಸಂಸ್ಕಾರ ನಡೆಸುವವರು ನಮೂನೆ 2ರಲ್ಲಿ ತಿಳಿಸಬೇಕು. ಆದ ಮೇಲೆ 30 ದಿನದೊಳಗೆ ಮತ್ತೊಂದು ಘೋಷಣೆ ಕೊಡಬೇಕು. ಇದನ್ನು ವಕೀಲರ ಜೊತೆ ಕೂತು ಮಾಡಿ.

ಅವರು ಪರಿಶಿಷ್ಟ ಜಾತಿಗೆ ಸೇರಿದವರಾದರೆ ಇನ್ನೊಂದು ಮಾತನ್ನು ನೀವೇ ಬಾಯಿಬಿಟ್ಟು ಹೇಳಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಕ್ರೈಸ್ತರಾದರೆ ಅದು ಹೋಗುತ್ತದೆ. ಮಕ್ಕಳ ಸೀಟು, ಕೆಲಸದ ಮೀಸಲಾತಿ, ಎಲ್ಲದರ ಮೇಲೂ ಪರಿಣಾಮ ಇದೆ. "ಸುಮ್ನೆ ಹೇಳಿದರೆ ಹಿಂದೆ ಸರಿದುಬಿಡ್ತಾರೆ" ಅಂತ ಇದನ್ನು ಬಚ್ಚಿಡುವುದು ದೊಡ್ಡ ಅನ್ಯಾಯ. ಯೇಸುವೂ ತನ್ನ ಹಿಂದೆ ಬರುವವರಿಗೆ ಖರ್ಚು ಲೆಕ್ಕ ಹಾಕಿ ಬನ್ನಿ ಅಂದಿದ್ದಾನೆ, ಲೂಕ 14ರಲ್ಲಿದೆ.

ಮನೆಯವರಿಗೆ ಯಾವಾಗ, ಹೇಗೆ ಹೇಳಬೇಕು ಅನ್ನುವುದನ್ನು ಅವರಿಗೇ ಬಿಡಿ. ಹೆತ್ತವರ ಜೊತೆ ಜಗಳ ಆಡಿ ಬರಲು ಎತ್ತಿಕಟ್ಟಬೇಡಿ. ಹಬ್ಬಕ್ಕೆ ಊರಿಗೆ ಹೋಗಿ ಬರಲಿ, ಅಮ್ಮನ ಜೊತೆ ಕೂತು ಉಣ್ಣಲಿ. ಮತ್ತೆ ದೀಕ್ಷಾಸ್ನಾನದ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ, ಫೇಸ್‌ಬುಕ್‌ಗೆ ಹಾಕಬೇಡಿ. ಸಭೆಯ ಗ್ರೂಪಿಗೂ ಬೇಡ. ಹಾಕಬೇಕು ಅನಿಸಿದರೆ ಅವರೇ ಹಾಕಿಕೊಳ್ಳುತ್ತಾರೆ.